ಸೌತ್ ಬೆಂಡ್: ಏಳುತ್ತಿರುವುದು ಯಾರ ಊರು?

ಅಮೆರಿಕಾ ದೇಶದ ಮಧ್ಯ ಪಶ್ಚಿಮ ಭಾಗದ ಊರುಗಳಲ್ಲಿ ಒಂದು ವಾದ ಬಹುಕಾಲದಿಂದ ನಡೆದು ಬಂದಿದೆ. ಇದು ಷಿಕಾಗೋದಂಥ ಮಹಾನಗರದ ವಾದವಲ್ಲ. ಲಕ್ಷ, ಒಂದೂವರೆ ಲಕ್ಷ ಜನರುಳ್ಳ, ಒಂದೆರಡು ಕಾರ್ಖಾನೆಗಳನ್ನು ನೆಚ್ಚಿ ಬೆಳೆದು, ಅವು ಮುಚ್ಚಿದ ಮೇಲೂ ಹೇಗೋ ಉಳಿದುಕೊಂಡ ನಡುಗಾತ್ರದ ಪಟ್ಟಣಗಳ ವಾದ. "ನಮ್ಮೂರಿನ ಕಥೆ ಮುಗಿಯಿತು" ಎಂದು ಒಬ್ಬ. "ಪೇಟೆಗೆ ಹೋಗಿ ಕಣ್ಣು ತೆರೆದು ನೋಡು, ಊರು ಮತ್ತೆ ಚಿಗುರುತ್ತಿದೆ" ಎಂದು ಇನ್ನೊಬ್ಬ. ಇಬ್ಬರ ಕೈಯಲ್ಲೂ ಅಂಕಿಗಳುಂಟು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ವಾದ ತೀರುವುದಿಲ್ಲ. ಏಕೆ?

ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಬಿಡಿಸಿ ನೋಡೋಣ. ಗಿರಣಿಯ ಕೂಗಿಗೆ ಏಳುವ ಊರು ಹೇಗಿರುತ್ತದೆ, ಆ ಕೂಗು ನಿಂತ ಊರು ಹೇಗಿರುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾದ್ದಿಲ್ಲ. ದೂರದ ಊರಾದರೂ ಅಲ್ಲಿಯ ಕಿರ್ದಿ ಖಾತೆ ನಮಗೆ ಓದಲು ಬರುವಂಥದೇ.

ಸೇಂಟ್ ಜೋಸೆಫ್ ನದಿಯ ದಕ್ಷಿಣದ ಬಾಗಿನಲ್ಲಿ ಇರುವುದರಿಂದ ಊರಿಗೆ ಆ ಹೆಸರು. 1852ರಲ್ಲಿ ಸ್ಟುಡಿಬೇಕರ್ ಮನೆತನದ ಅಣ್ಣತಮ್ಮಂದಿರು ಅಲ್ಲಿ ಕಮ್ಮಾರಸಾಲೆ ಹಾಕಿದರು. ಕಮ್ಮಾರಸಾಲೆ ಗಾಡಿಯ ಕಾರ್ಖಾನೆಯಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಗಾಡಿ ಒದಗಿಸಿ ದುಡ್ಡು ಕಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಕಾರ್ಖಾನೆಯಾಗಿ ಲೋಕಪ್ರಸಿದ್ಧವಾಯಿತು. ಆಲಿವರ್ ನೇಗಿಲಿನ ಕಾರ್ಖಾನೆ, ಬೆಂಡಿಕ್ಸ್ ಬ್ರೇಕಿನ ಕಾರ್ಖಾನೆ ಇವೂ ಅಲ್ಲಿಯವೇ. 1950ರ ಸುಮಾರಿಗೆ ಸ್ಟುಡಿಬೇಕರ್ ಒಂದರಲ್ಲೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 1960ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 1,32,445. ಅಂದರೆ ಮನೆಗೊಬ್ಬರಲ್ಲದಿದ್ದರೂ ಬೀದಿಗೆ ಹಲವರು ಅದೇ ಬಾಗಿಲಲ್ಲಿ ಹೊಕ್ಕು ಹೊರಡುವವರು.

ಈ ಊರಿನ ಕಾರ್ಮಿಕರು ಬರಿಯ ಕೂಲಿಯಾಳುಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಯು.ಎ.ಡಬ್ಲ್ಯು. ಎಂದು ಹೆಸರಾದ ಮೋಟಾರು ಕಾರ್ಮಿಕರ ಸಂಘವು 1936ರ ತನ್ನ ಮಹಾಧಿವೇಶನವನ್ನು ನಡೆಸಿ, ತನ್ನ ಕಾಲ ಮೇಲೆ ತಾನು ನಿಂತದ್ದು ಇದೇ ಊರಿನಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಬೆಂಡಿಕ್ಸ್ ಕಾರ್ಮಿಕರು ಯಂತ್ರ ನಿಲ್ಲಿಸಿ ಕಾರ್ಖಾನೆಯೊಳಗೇ ಕುಳಿತುಬಿಟ್ಟರು. ಜಗತ್ತೆಲ್ಲ ಹೊಗಳುವ ಫ್ಲಿಂಟ್ ನಗರದ ಒಳಕೂತ ಮುಷ್ಕರ ನಡೆದದ್ದು ಇದಾದ ಮೇಲೆ. 1950ರಲ್ಲಿ ಸ್ಟುಡಿಬೇಕರಿನ ಕರಿಯ ಕಾರ್ಮಿಕರು ಕೆಲವರು ಒಂದು ಸಹಕಾರಿ ಸಂಘ ಕಟ್ಟಿದರು. ಬಿಳಿಯರು ತಮ್ಮ ಬಡಾವಣೆಗಳಲ್ಲಿ ಅವರಿಗೆ ಮನೆ ಮಾರುತ್ತಿರಲಿಲ್ಲ, ಬ್ಯಾಂಕು ಸಾಲ ಕೊಡುತ್ತಿರಲಿಲ್ಲ. ಇವರು ಕೂಡಿ ನಿವೇಶನ ಕೊಂಡು ಎಲ್ಮರ್ ಬೀದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆ ಕಟ್ಟಿಕೊಂಡರು. ಎರಕದ ಮನೆಯ ಬೆಂಕಿಯಲ್ಲಿ ದುಡಿಯುವವನಿಗೆ ಊರಿನಲ್ಲಿ ಸೂರು ಬೇಕೆಂದರೆ ಇಷ್ಟು ಪಾಡು. ಆಗ ಊರು "ಚೆನ್ನಾಗಿತ್ತು" ಎಂದು ಇಂದು ನೆನೆಯುವವರು ಇದನ್ನೂ ಜೊತೆಗೆ ನೆನೆಯಲಿ.

ಇನ್ನು ಪತನದ ಕಥೆ. 1954ರಲ್ಲಿ ಸ್ಟುಡಿಬೇಕರ್ ತೊಂದರೆಗೆ ಸಿಕ್ಕಿತು. ದೊಡ್ಡ ಕಂಪನಿಗಳು ಬೆಲೆಯಿಳಿಸಿ ಪೈಪೋಟಿ ಮಾಡುತ್ತಿದ್ದವು. ಇದಕ್ಕೆ ಪ್ಯಾಕಾರ್ಡ್ ಕಂಪನಿಯೊಡನೆ ಕೂಡಿಕೊಳ್ಳಬೇಕಾಗಿ ಬಂತು. ಆಡಳಿತದವರು ಕಾರ್ಮಿಕರಿಗೆ ಹೇಳಿದ್ದೇನು? ಕೂಲಿ ಇಳಿಸಿಕೊಳ್ಳಿ, ಕಂಪನಿ ಉಳಿಯುತ್ತದೆ, ಊರು ಉಳಿಯುತ್ತದೆ. ಆಗಸ್ಟಿನಲ್ಲಿ ಕಾರ್ಮಿಕರು ಮತ ಹಾಕಿ ಕೂಲಿಯ ಕಡಿತಕ್ಕೆ ಒಪ್ಪಿದರು. ಊರಿಗಾಗಿ ತಮ್ಮ ಮಕ್ಕಳ ತುತ್ತಿನಲ್ಲಿ ಪಾಲು ಕೊಟ್ಟರು ಎಂದರೆ ತಪ್ಪಾಗದು. ಒಂಬತ್ತು ವರ್ಷದ ನಂತರ, 1963ರ ಡಿಸೆಂಬರ್ 9ರಂದು, ಸೌತ್ ಬೆಂಡಿನಲ್ಲಿ ಮೋಟಾರು ತಯಾರಿಕೆ ನಿಲ್ಲಿಸುವುದಾಗಿ ಕಂಪನಿ ಸಾರಿತು. ಕ್ರಿಸ್‌ಮಸ್ ಹಬ್ಬಕ್ಕೆ ಐದು ದಿನ ಮುಂಚೆ, 20ನೆಯ ತಾರೀಖು, ಕೊನೆಯ ಗಾಡಿ ಹೊರಬಂತು. ಸುಮಾರು ಏಳು ಸಾವಿರ ಜನ ಬೀದಿಗೆ ಬಿದ್ದರು.

ಕಂಪನಿ ಸತ್ತಿತೇ? ಇಲ್ಲ. ಕೆನಡಾದ ಹ್ಯಾಮಿಲ್ಟನ್ನಿನಲ್ಲಿ 1966ರ ಮಾರ್ಚಿನವರೆಗೂ ಅದು ಮೋಟಾರು ತಯಾರಿಸಿತು. ಅಷ್ಟರಲ್ಲಿ ಅದು ಇಂಜಿನ್ ಎಣ್ಣೆಗೆ ಬೆರೆಸುವ ದ್ರವ, ವಿದ್ಯುಜ್ಜನಕ, ತೋಟದ ಟ್ರಾಕ್ಟರು ಹೀಗೆ ಬೇರೆ ಬೇರೆ ಕಂಪನಿಗಳನ್ನು ಕೊಂಡು ಕೈಯಲ್ಲಿ ಇಟ್ಟುಕೊಂಡಿತ್ತು. 1967ರಲ್ಲಿ ವರ್ಥಿಂಗ್‌ಟನ್ ಎಂಬ ಕಂಪನಿಯೊಡನೆ ಕೂಡಿ ಹೊಸ ಹೆಸರಿನಿಂದ ಬಾಳಿತು. ಮುಳುಗಿದ್ದು ಕಂಪನಿಯಲ್ಲ, ಅದು ಸೌತ್ ಬೆಂಡಿನಿಂದ ಕೈ ತೊಳೆದುಕೊಂಡಿತು, ಅಷ್ಟೆ.

ಈಗ ಈ ಕಥೆಯ ನಡುಗಂಭಕ್ಕೆ ಬರೋಣ. ಕಂಪನಿಗೂ ಸಂಘಕ್ಕೂ 1950ರಲ್ಲಿ ಒಂದು ಪಿಂಚಣಿಯ ಒಪ್ಪಂದವಾಗಿತ್ತು. ಹಿಂದಿನ ವರ್ಷಗಳ ಸೇವೆಗೆ ಸಲ್ಲಬೇಕಾದ ಹಣವನ್ನು ಕಂಪನಿ ಮೂವತ್ತು ವರ್ಷಗಳ ಕಂತಿನಲ್ಲಿ ನಿಧಿಗೆ ತುಂಬಬೇಕು ಎಂದು ಏರ್ಪಾಡು. ನಡುನಡುವೆ ಪಿಂಚಣಿಯ ಮೊತ್ತವನ್ನು ಏರಿಸುತ್ತ ಹೋದರು. ಏರಿಸಿದ್ದು ಕಾಗದದ ಮೇಲೆ. ಪೆಟ್ಟಿಗೆಯಲ್ಲಿ ಅಷ್ಟು ಹಣವಿರಲಿಲ್ಲ. ಸಂಘದ ಮುಖಂಡರಿಗೆ ಇದು ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಇಂದಿನ ಕೂಲಿಗೆ ಹೋರಾಡುವ ಶಕ್ತಿ ಕುಗ್ಗಿದಾಗ ನಾಳಿನ ಭರವಸೆಯನ್ನು ಪಡೆದು ಬರುವುದು ಸುಲಭವಾಗಿ ಕಂಡಿರಬೇಕು. ಸ್ನೇಹದ ಮಾತಾಗಿಯೇ ಇದನ್ನು ಹೇಳುತ್ತೇವೆ: ಸಂಘ ಕಟ್ಟುವವರು ಒಪ್ಪಂದದ ಮಾತನ್ನಷ್ಟೇ ಅಲ್ಲ, ನಿಧಿಯ ಲೆಕ್ಕವನ್ನೂ ವರ್ಷ ವರ್ಷ ಓದಬೇಕು.

1964ರಲ್ಲಿ ನಿಧಿಯನ್ನು ಹಂಚಿದಾಗ ಸುಮಾರು ಹನ್ನೊಂದು ಸಾವಿರ ಜನರನ್ನು ಮೂರು ಸಾಲಿನಲ್ಲಿ ನಿಲ್ಲಿಸಿದಂತಾಯಿತು. ಆಗಲೇ ನಿವೃತ್ತರಾದವರು, ಮತ್ತು ಅರವತ್ತು ತುಂಬಿ ಹತ್ತು ವರ್ಷ ಸೇವೆ ಮಾಡಿದವರು ಸುಮಾರು 3,600 ಮಂದಿ: ಇವರಿಗೆ ಪೂರ್ತಿ ಪಿಂಚಣಿ. ನಲವತ್ತರಿಂದ ಐವತ್ತೊಂಬತ್ತರ ವಯಸ್ಸಿನ, ಹತ್ತು ವರ್ಷ ದುಡಿದ ಸುಮಾರು 4,000 ಮಂದಿ: ಇವರಿಗೆ ಡಾಲರಿಗೆ ಹದಿನೈದು ಸೆಂಟು, ಅಂದರೆ ನೂರಕ್ಕೆ ಹದಿನೈದು, ಅದೂ ಒಂದೇ ಸಲ ಕೈಗಿತ್ತ ಇಡಿಗಂಟು. ಉಳಿದ ಸುಮಾರು 2,900 ಮಂದಿ: ಇವರಿಗೆ ಸೊನ್ನೆ. ನಡುವಿನ ಸಾಲಿನವರ ಸರಾಸರಿ ವಯಸ್ಸು ಐವತ್ತೆರಡು. ಅವರ ಸರಾಸರಿ ಸೇವೆ ಇಪ್ಪತ್ತೆರಡು ವರ್ಷಕ್ಕೂ ಮೇಲು. ಐವತ್ತೊಂಬತ್ತು ವರ್ಷದ ಅಣ್ಣನಿಗೆ ಹದಿನೈದು, ಅರವತ್ತು ತುಂಬಿದ ನೆರೆಯವನಿಗೆ ನೂರು, ಮೂವತ್ತೊಂಬತ್ತರ ತಮ್ಮನಿಗೆ ಏನೂ ಇಲ್ಲ. ಒಂದೇ ಬಾಗಿಲು, ಒಂದೇ ಕೆಲಸ, ಒಂದೇ ಊರು.

ಈ ಮೂವರನ್ನೂ ಆ ವರ್ಷ ಒಂದೆಡೆ ಕೂಡಿಸಿ "ಊರು ಹೇಗಿದೆ?" ಎಂದು ಕೇಳಿದ್ದರೆ ಮೂರು ಉತ್ತರ ಬರುತ್ತಿದ್ದವು, ಮೂರೂ ನಿಜವಾಗಿರುತ್ತಿದ್ದವು. ಊರು ಎಂಬುದು ಒಂದೇ ಮೈಯುಳ್ಳ ಪ್ರಾಣಿಯಲ್ಲ, ಒಟ್ಟಿಗೆ ಏಳುವುದಕ್ಕೆ, ಒಟ್ಟಿಗೆ ಬೀಳುವುದಕ್ಕೆ. ಏಳುವಾಗ ಒಬ್ಬರ ಪಾಲು ಮೊದಲು ಏಳುತ್ತದೆ, ಬೀಳುವಾಗ ಇನ್ನೊಬ್ಬರ ಪಾಲು ಮೊದಲು ಬೀಳುತ್ತದೆ. ಆದ್ದರಿಂದ "ಊರು ಬಾಳುತ್ತಿದೆಯೋ ಬೀಳುತ್ತಿದೆಯೋ" ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆ. ಯಾರ ಪಾಲು ಎಂಬುದು ಅದರ ಉಳಿದರ್ಧ. ಈ ಅರ್ಧವನ್ನು ಕೇಳದಿರುವುದರಿಂದಲೇ ವಾದ ತೀರುವುದಿಲ್ಲ.

ಸೌತ್ ಬೆಂಡಿನ ಆ ಕಾರ್ಮಿಕರ ಪಾಡು ವ್ಯರ್ಥವಾಗಲಿಲ್ಲ ಎಂಬುದೂ ಚರಿತ್ರೆ. ಅದೇ ರಾಜ್ಯದ ಸೆನೆಟರ್ ವ್ಯಾನ್ಸ್ ಹಾರ್ಟ್ಕೆ 1964ರಲ್ಲೇ ಪಿಂಚಣಿಗೆ ಸರ್ಕಾರದ ವಿಮೆ ಬೇಕೆಂದು ಮಸೂದೆ ತಂದರು. ಹತ್ತು ವರ್ಷ ಎಳೆದಾಡಿ, 1974ರ ಸೆಪ್ಟೆಂಬರ್ 2ರಂದು, ಅಲ್ಲಿಯ ಕಾರ್ಮಿಕರ ದಿನದಂದು, ಅಧ್ಯಕ್ಷ ಫೋರ್ಡ್ ಅವರು ನಿವೃತ್ತಿ ಭದ್ರತೆಯ ಶಾಸನಕ್ಕೆ ರುಜು ಹಾಕಿದರು. ಪಿಂಚಣಿ ನಿಧಿ ಬರಿದಾದರೆ ತುಂಬಿಕೊಡುವ ವಿಮಾ ನಿಗಮ ಆ ಶಾಸನದಿಂದ ಹುಟ್ಟಿತು. ಕೋಟ್ಯಂತರ ಜನರಿಗೆ ಅದು ನೆರಳಾಯಿತು. ಆದರೆ ಸ್ಟುಡಿಬೇಕರಿನವರಿಗೆ ಒಂದು ಸೆಂಟೂ ಮರಳಿ ಬರಲಿಲ್ಲ. ಶಾಸನ ಹಿಂದಕ್ಕೆ ಅನ್ವಯಿಸುವಂತಿರಲಿಲ್ಲ. ಮುಂದಿನ ವರ್ಷಗಳಲ್ಲಿ ಮಾಲೀಕರು ನಿಗದಿತ ಪಿಂಚಣಿಯ ಪದ್ಧತಿಯನ್ನೇ ಮೆಲ್ಲಗೆ ಕೈಬಿಡುತ್ತ ಬಂದುದು ಬೇರೆ ಮಾತು.

ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಹಿರಿಯ ವರ್ತಕರು ಎದೆಗುಂದಲಿಲ್ಲ. ಹೊಸ ಉದ್ಯಮ ಕರೆತಂದರು. ಲಾರಿ ತಯಾರಿಸುವ ಒಂದು ಭಾಗವನ್ನು 1964ರಲ್ಲಿ ಕೈಸರ್ ಜೀಪ್ ಕಂಪನಿ ಕೊಂಡು ಸೈನ್ಯಕ್ಕೆ ಗಾಡಿ ಮಾಡಿತು. ವಿಯೆಟ್ನಾಮಿನ ಯುದ್ಧ ಕೆಲಸ ಕೊಟ್ಟಿತು ಎಂದರೆ ಕಹಿಯಾದರೂ ನಿಜ. ನಿರುದ್ಯೋಗದ ಅಂಕಿ ಇಳಿಯಿತು. ಊರು ಉಳಿಯಿತೆಂದು ಆಗಲೇ ಘೋಷಿಸಿದವರೂ ಇದ್ದರು.

ಆದರೆ ಜನ ಮಾತ್ರ ಕಡಿಮೆಯಾಗುತ್ತ ಹೋದರು. 2010ರ ಗಣತಿಯಲ್ಲಿ 1,01,168. ಐವತ್ತು ವರ್ಷದಲ್ಲಿ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಜನ ಇಲ್ಲವಾದರು. ಎಲ್ಲಿ ಹೋದರು? ಇಲ್ಲಿ ಒಂದು ಲೆಕ್ಕ ಹೇಳುತ್ತೇವೆ. ಪಾಠ ಹೇಳುವ ಹಳೆಯ ಅಭ್ಯಾಸವನ್ನು ಓದುಗರು ಮನ್ನಿಸಬೇಕು. ಸೌತ್ ಬೆಂಡ್ ಇರುವ ಸೇಂಟ್ ಜೋಸೆಫ್ ಜಿಲ್ಲೆಯ ಜನಸಂಖ್ಯೆ 1960ರಲ್ಲಿ 2,38,614, 2010ರಲ್ಲಿ 2,66,931. ಊರು ಕುಗ್ಗಿದ ಐವತ್ತು ವರ್ಷಗಳಲ್ಲೇ ಜಿಲ್ಲೆ ಬೆಳೆದಿದೆ! ಕೆಲವರು ದೇಶಾಂತರ ಹೋದರು, ಸರಿ. ಆದರೆ ಹಣವುಳ್ಳವರು ಅನೇಕರು ಪೌರಸಭೆಯ ಗಡಿಗಲ್ಲು ದಾಟಿ ಮಿಷವಾಕಾ, ಗ್ರೇಂಜರ್ ಕಡೆಗೆ ಮನೆ ಮಾಡಿಕೊಂಡರು. ಅವರ ಮನೆಯ ತೆರಿಗೆ ಅವರ ಜೊತೆಗೇ ಹೋಯಿತು. ಚರಂಡಿ, ಬೀದಿದೀಪ, ಪೊಲೀಸು, ಹಳೆಯ ಶಾಲೆಗಳ ಖರ್ಚು ಮಾತ್ರ ಗಡಿಯೊಳಗೆ ಉಳಿದ ಬಡವರ ತಲೆಯ ಮೇಲೆ ಕುಳಿತಿತು. ಇದನ್ನು ಊರಿನ ಪತನವೆನ್ನುವುದಕ್ಕಿಂತ ಗಂಟು ಕಟ್ಟಿಕೊಂಡು ಆಚೆ ದಾಟಿದ್ದು ಎನ್ನುವುದು ನ್ಯಾಯ.

ಚಿಲ್ಲರೆ ವ್ಯಾಪಾರಿಗಳು ಇದನ್ನು ಗಮನಿಸಬೇಕು. 1979ರಲ್ಲಿ ನೆರೆಯ ಮಿಷವಾಕಾದಲ್ಲಿ ಯೂನಿವರ್ಸಿಟಿ ಪಾರ್ಕ್ ಎಂಬ ದೊಡ್ಡ ಮಾಲ್ ತೆರೆಯಿತು. ಮೋಟಾರು ನಿಲ್ಲಿಸಲು ವಿಶಾಲವಾದ ಜಾಗ, ಒಂದೇ ಸೂರಿನಡಿ ಎಲ್ಲ ಸಾಮಾನು. ಗಿರಾಕಿ ಅತ್ತ ಹೊರಳಿದ. ಕಾರ್ಖಾನೆಯವನ ಸಂಬಳ ಮೊದಲೇ ನಿಂತಿತ್ತು. ಉಳ್ಳವನ ಕಾಸೂ ಈಗ ಗಡಿಯಾಚೆಗೆ ಹೋಯಿತು. ಮಿಚಿಗನ್ ಬೀದಿಯ ಹಳೆಯ ಪೇಟೆ ಎರಡು ಕಡೆಯಿಂದ ಪೆಟ್ಟು ತಿಂದಿತು. ಕಾರ್ಮಿಕನ ಕೂಲಿ ಹೆಚ್ಚಿದರೆ ತಮಗೇನು ಎಂದು ಕೇಳುವ ವರ್ತಕ ಮಿತ್ರರು ನಮ್ಮ ನಡುವೆಯೂ ಇದ್ದಾರೆ. ಅವರ ಗಲ್ಲಾಪೆಟ್ಟಿಗೆಗೆ ಕಾಸು ಎಲ್ಲಿಂದ ಬರುತ್ತದೆಂದು ಒಂದು ತಿಂಗಳು ಬರೆದಿಟ್ಟು ನೋಡಲಿ.

2011ರ ಜನವರಿಯಲ್ಲಿ ನ್ಯೂಸ್‌ವೀಕ್ ಎಂಬ ವಾರಪತ್ರಿಕೆಯ ಪಟ್ಟಿಯೊಂದು ಅಮೆರಿಕದ ಸಾಯುತ್ತಿರುವ ಹತ್ತು ಊರುಗಳಲ್ಲಿ ಸೌತ್ ಬೆಂಡನ್ನೂ ಸೇರಿಸಿತು. ಊರಿನವರಿಗೆ ಅವಮಾನವಾಯಿತು. ಸಹಜವೇ, ತನ್ನ ಊರನ್ನು ತಾನು ಬೈಯಬಹುದು, ಪರರು ಬೈದರೆ ಸಹಿಸಲಾಗದು. ಮರುವರ್ಷ ಜನವರಿಯಲ್ಲಿ ಪೀಟ್ ಬೂಟಜೆಜ್ ಎಂಬ ಇಪ್ಪತ್ತೊಂಬತ್ತರ ತರುಣ ಮೇಯರಾದ. ಸಾವಿರ ದಿನದಲ್ಲಿ ಸಾವಿರ ಪಾಳುಮನೆಗಳ ಸಮಸ್ಯೆ ಬಗೆಹರಿಸುತ್ತೇನೆಂದು 2013ರಲ್ಲಿ ಸಾರಿ, 2015ರಲ್ಲಿ ಆ ಗುರಿ ಮುಟ್ಟಿದ. ಮುಕ್ಕಾದ ಮನೆ ಬೀದಿಗೆಲ್ಲ ಕೇಡು. ಕೆಡವಬೇಕೆಂದು ನೆರೆಯವರೇ ಬೇಡಿದ್ದುಂಟು. ಇದನ್ನು ಒಪ್ಪುತ್ತೇವೆ. ಆದರೆ ಲೆಕ್ಕದ ಒಳಹೊಕ್ಕು ನೋಡಿದರೆ ದುರಸ್ತಿಯಾದ ಮನೆಗಳಿಗಿಂತ ನೆಲಸಮವಾದ ಮನೆಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಕರಿಯರೂ ಲ್ಯಾಟಿನೋ ಜನರೂ ಬಾಳುವ ಬಡ ಕೇರಿಗಳಲ್ಲಿದ್ದವು. ಅಗ್ಗಕ್ಕೆ ಹಳೆಯ ಮನೆ ಕೊಂಡು, ಕೈಗೆ ಕಾಸು ಬಂದಾಗಲೆಲ್ಲ ಒಂದೊಂದು ಗೋಡೆ ಸರಿಮಾಡುತ್ತಿದ್ದ ಬಡವನಿಗೂ, ದೂರದಲ್ಲಿ ಕುಳಿತು ಹತ್ತಾರು ಮನೆ ಹಿಡಿದಿಟ್ಟುಕೊಂಡ ಲೇವಾದೇವಿಗಾರನಿಗೂ ಒಂದೇ ದಂಡದ ಚೀಟಿ ಹೋಯಿತೆಂಬ ದೂರು ಅಲ್ಲಿ ಬಲವಾಗಿತ್ತು. ಸಾವಿರ ಎಂಬ ಅಂಕಿ ಭಾಷಣಕ್ಕೆ ಚೆನ್ನ; ಮನೆಯೊಡೆಯನ ಹೆಸರು ಆ ಅಂಕಿಯಲ್ಲಿ ಕಾಣುವುದಿಲ್ಲ.

ಆ ಮೇಯರು ಮುಂದೆ ದೇಶದ ಅಧ್ಯಕ್ಷ ಪದವಿಗೇ ಉಮೇದುವಾರನಾದಾಗ, 2019 ಮತ್ತು 2020ರಲ್ಲಿ, ಊರಿನ ವಾದ ದೇಶದ ವಾದವಾಯಿತು. ಊರೆದ್ದಿತೆಂದು ಆತನ ಕಡೆಯವರು ಹೇಳಿದರು. 2019ರ ಜೂನಿನಲ್ಲಿ ಪೊಲೀಸರ ಗುಂಡಿಗೆ ಕರಿಯನೊಬ್ಬ ಸತ್ತ ಮೇಲೆ ನಡೆದ ಸಭೆಯಲ್ಲಿ ಅವನ ಜನ ಮೇಯರನ್ನು ಎದುರಿಗೇ ನಿಲ್ಲಿಸಿ ಕೇಳಿದ್ದನ್ನು ದೇಶವೆಲ್ಲ ನೋಡಿತು.

ಚಿಗುರಿದ್ದು ಸುಳ್ಳೇ? ಅಲ್ಲ. 2020ರ ಗಣತಿಯಲ್ಲಿ ಜನಸಂಖ್ಯೆ 1,03,453ಕ್ಕೆ ಏರಿತು. ಏರಿಕೆ ಸಣ್ಣದು, ಆದರೆ ಏರಿಕೆ. ಲ್ಯಾಟಿನೋ ವಲಸೆಗಾರರ ಕುಟುಂಬಗಳು ಬಂದು ನೆಲೆಸಿದ್ದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಊರನ್ನು ತುಂಬಿದವರು ಇವರು, ಅವರನ್ನು ಓಡಿಸಬೇಕೆನ್ನುವ ರಾಜಕಾರಣವೂ ಅದೇ ದೇಶದ್ದು. ಹಳೆಯ ರೈಲು ನಿಲ್ದಾಣ ಗಣಕಯಂತ್ರಗಳ ಕೇಂದ್ರವಾಗಿದೆ. ಸ್ಟುಡಿಬೇಕರಿನ ಆರಂತಸ್ತಿನ ಹಾಳು ಕಟ್ಟಡಕ್ಕೆ ಹೊಸ ಕಿಟಕಿ ಬಂದಿದೆ. ಊರಿಗೆ ತಾಗಿಕೊಂಡ ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಸುತ್ತ ಹೊಸ ಅಂಗಡಿ, ಹೊಸ ಮನೆ ಎದ್ದಿವೆ. ಇವನ್ನು ಕಂಡು ಸಂತೋಷಪಡುವವನನ್ನು ನಾವು ಮೂರ್ಖನೆನ್ನುವುದಿಲ್ಲ. ಜೊತೆಗೇ, ಊರಿನ ಜನರಲ್ಲಿ ಸುಮಾರು ಐವರಿಗೊಬ್ಬರು ಸರ್ಕಾರವೇ ಗೊತ್ತುಮಾಡಿದ ಬಡತನದ ಗೆರೆಯ ಕೆಳಗಿದ್ದಾರೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಬೆಂಡಿಕ್ಸ್ ಕಾರ್ಖಾನೆ ಏನಾಯಿತೆಂದು ಕೇಳುವವರಿಗೆ ಒಂದು ಮಾತು. ಅದು ಕೈಯಿಂದ ಕೈಗೆ ಮಾರಾಟವಾಗಿ ಹನಿವೆಲ್ ಎಂಬ ದೊಡ್ಡ ಕಂಪನಿಯ ಪಾಲಾಯಿತು. ವಿಮಾನದ ಗಾಲಿ ಮತ್ತು ಬ್ರೇಕು ತಯಾರಿಸುತ್ತದೆ. 2012ರಲ್ಲಿ ಇಂಡಿಯಾನಾ ಸರ್ಕಾರ "ದುಡಿಯುವ ಹಕ್ಕು" ಎಂಬ ಸಿಹಿ ಹೆಸರಿನ ಕಾನೂನು ತಂದು, ಸಂಘದ ಒಪ್ಪಂದದ ಫಲವುಂಡವನು ಸಂಘಕ್ಕೆ ವಂತಿಗೆ ಕೊಡಬೇಕಿಲ್ಲವೆಂದು ಮಾಡಿತ್ತು. 2016ರ ಮೇ ತಿಂಗಳಲ್ಲಿ, ಕಂಪನಿ ಮುಂದಿಟ್ಟ ಒಪ್ಪಂದವನ್ನು ಕಾರ್ಮಿಕರು ತಿರಸ್ಕರಿಸಿದ್ದಕ್ಕೆ ಮಾಲೀಕರು ಬೀಗ ಜಡಿದು ಮುನ್ನೂರಕ್ಕೂ ಹೆಚ್ಚು ಜನರನ್ನು ಹೊರಗೆ ನಿಲ್ಲಿಸಿದರು. ಬೇರೆ ಆಳುಗಳನ್ನು ಒಳಗೆ ಬಿಟ್ಟು ಕೆಲಸ ನಡೆಸಿದರು. ಸುಮಾರು ಹತ್ತು ತಿಂಗಳು ಹೀಗೆ ನಡೆಯಿತು. ಎಂಬತ್ತು ವರ್ಷ ಹಿಂದೆ ಯಾವ ಒಂಬತ್ತನೆಯ ನಂಬರಿನ ಸಂಘದವರು ಒಳಗೆ ಕುಳಿತು ಗೆದ್ದಿದ್ದರೋ ಅದೇ ಸಂಘದವರು ಈಗ ಬಾಗಿಲಾಚೆ ಹಿಮದಲ್ಲಿ ನಿಂತರು. ಊರು ಚಿಗುರುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದ ವರ್ಷವೇ ಇದು.

ಇತ್ತೀಚಿನ ಸುದ್ದಿ ಇನ್ನೂ ದೊಡ್ಡದು. ಊರಿನ ಪಶ್ಚಿಮಕ್ಕೆ ಅದೇ ಜಿಲ್ಲೆಯ ನ್ಯೂ ಕಾರ್ಲೈಲ್ ಎಂಬ ಹಳ್ಳಿಯ ಬಳಿ, ಗೋವಿನಜೋಳವೂ ಸೋಯಾ ಅವರೆಯೂ ಬೆಳೆಯುತ್ತಿದ್ದ ಹೊಲಗಳಲ್ಲಿ, ಅಮೆಜಾನ್ ಕಂಪನಿ 1,100 ಕೋಟಿ ಡಾಲರ್ ಹಾಕಿ ದತ್ತಾಂಶ ಕೇಂದ್ರ ಕಟ್ಟುವುದಾಗಿ 2024ರಲ್ಲಿ ಘೋಷಿಸಿತು. ಕೊಡುವುದಾಗಿ ಹೇಳಿದ ಕೆಲಸ: ಕನಿಷ್ಠ 1,000. ಸ್ಲೇಟು ತೆಗೆದುಕೊಂಡು ಭಾಗಿಸಿ ನೋಡಿ. ಒಂದು ಕೆಲಸಕ್ಕೆ 1 ಕೋಟಿ 10 ಲಕ್ಷ ಡಾಲರ್ ಬಂಡವಾಳ. ಅದೇ ವರ್ಷ ಜನರಲ್ ಮೋಟಾರ್ಸ್ ಮತ್ತು ಸ್ಯಾಮ್‌ಸಂಗ್ ಕೂಡಿ ಸುಮಾರು 350 ಕೋಟಿ ಡಾಲರಿನ ಬ್ಯಾಟರಿ ಕಾರ್ಖಾನೆಯನ್ನು ಸಾರಿದವು. ಅಲ್ಲಿ 1,600 ಕೆಲಸ, ಒಂದಕ್ಕೆ ಸುಮಾರು 22 ಲಕ್ಷ ಡಾಲರ್. ಇಪ್ಪತ್ತು ಸಾವಿರ ಮಂದಿಗೆ ಅನ್ನ ಕೊಟ್ಟ ಸ್ಟುಡಿಬೇಕರಿನ ಜಾಗವನ್ನು ಇವು ತುಂಬುತ್ತವೆ ಎನ್ನುವವರು ಸೊನ್ನೆಗಳನ್ನು ಎಣಿಸುವಾಗ ಡಾಲರಿನ ಸೊನ್ನೆಗಳನ್ನೇ ಎಣಿಸಿದ್ದಾರೆ, ತಲೆಗಳ ಸೊನ್ನೆಗಳನ್ನಲ್ಲ. ಇಂಡಿಯಾನಾದ 2019ರ ಕಾನೂನಿನಂತೆ ಇಂಥ ಭಾರಿ ದತ್ತಾಂಶ ಕೇಂದ್ರಕ್ಕೆ ಯಂತ್ರಸಾಮಗ್ರಿಯ ಮೇಲಿನ ಮಾರಾಟ ತೆರಿಗೆಯಿಂದ ಐವತ್ತು ವರ್ಷದವರೆಗೂ ವಿನಾಯಿತಿ ಕೊಡಬಹುದು. ಮಿಚಿಗನ್ ಬೀದಿಯಲ್ಲಿ ಜೋಡು ಮಾರುವ ಅಂಗಡಿಯವನು ನೂರು ಡಾಲರಿಗೆ ಏಳು ಡಾಲರ್ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕು.

ಆಗಲಿ, ಕಾರ್ಖಾನೆಗಳು ಬರಲಿ. ಬರಬಾರದೆಂದು ಹೊಟ್ಟೆಗಿಲ್ಲದ ಊರಿಗೆ ಹೇಳುವ ಅಧಿಕಾರ ನಮಗಿಲ್ಲ. ಜಿಲ್ಲಾ ಮಂಡಳಿಯ ಸಭೆಗಳಲ್ಲಿ ಅಲ್ಲಿಯ ರೈತರೂ ನಿವಾಸಿಗಳೂ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು ಮಾತ್ರ ಕಾಗದದ ಮೇಲೆ ಉತ್ತರ ಪಡೆಯಬೇಕು. ನೀರೆಷ್ಟು ಎಳೆಯುತ್ತೀರಿ? ವಿದ್ಯುತ್ತಿಗೆ ಹೊಸ ತಂತಿ ಎಳೆದ ಖರ್ಚು ಬಡವನ ಮನೆಯ ಬಿಲ್ಲಿನಲ್ಲಿ ಸೇರುತ್ತದೆಯೇ? ಬಿಟ್ಟುಕೊಟ್ಟ ತೆರಿಗೆಯ ಬದಲು ಪಶ್ಚಿಮದ ಕೇರಿಗಳ ಶಾಲೆಗೆ ಹಣ ಎಲ್ಲಿಂದ ಬರುತ್ತದೆ? ಕೆಲಸಕ್ಕೆ ಸೌತ್ ಬೆಂಡಿನ ಹುಡುಗರನ್ನು ತೆಗೆದುಕೊಳ್ಳುತ್ತೀರೋ, ತೆಗೆದುಕೊಂಡರೆ ಕಸಗುಡಿಸಲೋ, ಯಂತ್ರ ನಡೆಸಲೋ? ಸಂಘ ಕಟ್ಟಿದರೆ ಮಾತನಾಡುತ್ತೀರೋ, ಬೀಗ ಹಾಕುತ್ತೀರೋ?

ಬ್ಯಾಟರಿ ಕಾರ್ಖಾನೆ 2027ರಲ್ಲಿ ಉತ್ಪಾದನೆ ಆರಂಭಿಸುವುದೆಂದು ಅಂದಿನ ಘೋಷಣೆ ಹೇಳುತ್ತದೆ. ಸ್ಟುಡಿಬೇಕರ್ ಮುಚ್ಚಿದ ದಿನ ಮೂವತ್ತೊಂಬತ್ತು ವರ್ಷದವನಾಗಿ ಸೊನ್ನೆ ಪಡೆದವನ ಮೊಮ್ಮಗ ಅಲ್ಲಿ ಅರ್ಜಿ ಹಾಕಿಕೊಳ್ಳುವ ವಯಸ್ಸಿನವನಿರಬಹುದು. ಅರ್ಜಿಯ ಜೊತೆಗೆ ಅವನ ಕೈಗೆ ಕೊಡುವ ಕರಾರಿನಲ್ಲಿ ನಿವೃತ್ತಿಯ ಪುಟ ಯಾವುದೆಂದು ಅವನು ಮೊದಲು ತಿರುವಿ ನೋಡಲಿ.